ಕಾಮಸಮುದ್ರದ ದಾರಿ

ಪಾಂಡಿಚೇರಿಯವರೆಗೆ ಸೈಕಲ್ ತುಳಿದುಕೊಂಡು ಹೋಗಿ ಸಮುದ್ರ ನೋಡೋಣ ಎಂದು ಮೊದಲು ಬಾಯಿಬಿಟ್ಟವಳು ಶ್ಯಾಮಲ. ಆ ದಿನ ಭಾನುವಾರದ ಸೈಕಲ್ ಗುಂಪಿನವರೆಲ್ಲ ನಕ್ಕಿದ್ದರು. ಆಮೇಲೆ ಒಬ್ಬೊಬ್ಬರಾಗಿ ರಜೆ ಹೊಂದಿಸಿಕೊಂಡರು, ಸವೆದ ಟೈರು ಬದಲಾಯಿಸಿದರು, ಸಂಕ್ರಾಂತಿ ಕಳೆದ ಮೇಲೆ ಹೊರಡುವುದೆಂದು ನಿಶ್ಚಯವಾಯಿತು. ಇನ್ನು ಉಳಿದದ್ದು ಯಾವ ದಾರಿಯಲ್ಲಿ ಹೋಗುವುದು ಎಂಬುದೊಂದೇ. ಆ ಪ್ರಶ್ನೆ ಬಂದಾಗ ಎಲ್ಲರೂ ತನ್ನ ಮುಖ ನೋಡುತ್ತಾರೆಂದು ಶ್ಯಾಮಲ ಕಾದಳು. ಅವರು ನೋಡಿದ್ದು ಕಲ್ಪನಳ ಮುಖ.

ಶ್ಯಾಮಲಳ ತಂದೆ ಗದಗದ ಕಡೆಯಿಂದ ಕೆ.ಜಿ.ಎಫ್.ನ ಕಾರ್ಖಾನೆಗೆ ಕೆಲಸಕ್ಕೆಂದು ಬಂದವರು. ಅವಳು ಹುಟ್ಟಿದ್ದು, ಓದಿದ್ದು, ಅದೇ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸಕ್ಕೆ ಸೇರಿದ್ದು ಎಲ್ಲವೂ ಇಲ್ಲೇ. ನಲವತ್ತು ದಾಟಿದ ಮೇಲೆ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಹೆದರಿ ಸೈಕಲ್ ಹತ್ತಿದಳು. ಹತ್ತಿದ ಮೇಲೆ ಸಕ್ಕರೆಯ ಮಾತು ಮರೆತೇ ಹೋಯಿತು, ದಾರಿಗಳ ಹುಚ್ಚು ಹಿಡಿಯಿತು. ಲಾರಿ ಓಡಾಡದ ದಾರಿ, ಮರದ ನೆರಳಿನ ದಾರಿ, ಕೆರೆಯ ಕಟ್ಟೆ ಮೇಲಿನ ದಾರಿ. ಪ್ರತಿ ಭಾನುವಾರ ಗುಂಪಿನ ಮುಂದೆ ಅವಳ ಕೆಂಪು ಸೈಕಲ್, ಅದರ ಹಿಂದೆ ಕಲ್ಪನ, ಆಮೇಲೆ ಉಳಿದವರು. ಹೀಗೇ ವರ್ಷಗಳು ಕಳೆದಿದ್ದವು.

ಕಲ್ಪನ ಬಂಗಾರಪೇಟೆ ಪಕ್ಕದ ಹಳ್ಳಿಯ ರೈತರ ಮನೆಯ ಸೊಸೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಕಾರ್ಖಾನೆಯ ಉಗ್ರಾಣಕ್ಕೆ ಕೆಲಸಕ್ಕೆ ಬರುವವಳು. ಇಬ್ಬರ ಊಟದ ಡಬ್ಬಿಯೂ ಒಂದೇ ಎನ್ನುವಷ್ಟು ಸ್ನೇಹ. ಅದರ ನಡುವೆ ಧನುಶ್ರೀ ಬಂದಳು. ಚಿತ್ರದುರ್ಗದ ಹುಡುಗಿ, ಕಾರ್ಖಾನೆಗೆ ಹೊಸಬಳು, ಉಗ್ರಾಣದಲ್ಲಿ ಕಲ್ಪನಳ ಪಕ್ಕದ ಮೇಜು. ಒಂದು ತಿಂಗಳೊಳಗೆ ಗುಂಪಿಗೂ ಸೇರಿಕೊಂಡಳು. ಎರಡನೇ ತಿಂಗಳಿಗೆ ಕಲ್ಪನಳ ಸೈಕಲ್ಲಿಗೆ ಸಿಕ್ಕಿಸಿದ್ದ ನೀರಿನ ಬಾಟಲಿಯನ್ನು ಕೇಳದೆಯೇ ತೆಗೆದು ಕುಡಿಯುವಷ್ಟು ಸಲಿಗೆಯಾಗಿತ್ತು. ಅವರಿಬ್ಬರೂ ಏನಕ್ಕೋ ನಗುವಾಗ ಶ್ಯಾಮಲ ಹತ್ತಿರ ಹೋದರೆ, "ಏನಿಲ್ಲ ಬಿಡಕ್ಕ, ಆಪೀಸಿನ ಮಾತು" ಎನ್ನುತ್ತಿದ್ದಳು ಕಲ್ಪನ. ಆ 'ಏನಿಲ್ಲ' ಶ್ಯಾಮಲಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆಯುತ್ತಿತ್ತು.

ಈಗ ದಾರಿಯ ವಿಷಯ. ಶ್ಯಾಮಲ ಮನಸ್ಸಿನಲ್ಲಿ ಯಾವತ್ತೋ ಗೆರೆ ಎಳೆದಿಟ್ಟಿದ್ದಳು: ಬೇತಮಂಗಲದ ಕೆರೆ, ವಿ. ಕೋಟೆ, ಪೇರ್ಣಾಂಬಟ್ ಘಾಟಿ ಇಳಿದು ತಿರುವಣ್ಣಾಮಲೆ. ಕಲ್ಪನ ಫೋನು ಮುಂದೆ ಹಿಡಿದು ಬೇರೆಯದೇ ಹೇಳಿದಳು. "ಬಂಗಾರಪೇಟೆಯಿಂದ ಕಾಮಸಮುದ್ರ, ಬಿಸಾನತ್ತಂ, ಕುಪ್ಪಂ, ಆಮೇಲೆ ಜವ್ವಾದಿ ಬೆಟ್ಟ. ಬೇತಮಂಗಲದ ಕಡೆ ಒಸ ರೋಡಿನ ಕೆಲಸ, ಬರೀ ಟಿಪ್ಪರು. ನಾನೂ ಧನೂನೂ ಕುಪ್ಪಂವರೆಗೂ ಓಗಿ ನೋಡ್ಕಂಡೂ ಬಂದ್ವಿ."

"ಯಾವಾಗ?" ಎಂದಳು ಶ್ಯಾಮಲ.

"ಓದ್ ಭಾನುವಾರ. ನೀನು ನಾಮಕರಣಕ್ಕೆ ಓಗಿದ್ಯಲ್ಲ ಅಕ್ಕ."

ತನಗೊಂದು ಮಾತು ಹೇಳದೆ ಹೋಗಿದ್ದಾರೆ. ಶ್ಯಾಮಲ ನಕ್ಕು, "ಒಳ್ಳೇದಾಯ್ತು" ಎಂದಳು. ಮನೆಗೆ ಬಂದವಳು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. "ಯಾರ ಮೇಲೆ ಸಿಟ್ಟು?" ಎಂದು ಗಂಡ ವಿಜಯಕುಮಾರ್ ಕೇಳಿದರೆ ಇನ್ನೊಂದು ಪಾತ್ರೆ ಎತ್ತಿಕೊಂಡಳು. ಬುಧವಾರ ರಜೆ ಹಾಕಿ, ಯಾರಿಗೂ ಹೇಳದೆ, ಅದೇ ಕಾಮಸಮುದ್ರದ ದಾರಿ ಹಿಡಿದಳು. ಹುಳುಕು ಹುಡುಕಲೆಂದೇ ಹೊರಟಿದ್ದಳು. ಗುಂಡಿಗಳಿರಲಿ, ಅಟ್ಟಿಸಿಕೊಂಡು ಬರುವ ನಾಯಿಗಳಿರಲಿ, ಟಿಪ್ಪರುಗಳ ಸಾಲೇ ಇರಲಿ ಎಂದು ದೇವರಲ್ಲಿ ಬೇಡಿಕೊಂಡೇ ಪೆಡಲ್ ತುಳಿದಳು.

ದೇವರು ಕಿವಿಗೊಡಲಿಲ್ಲ. ಬಂಗಾರಪೇಟೆ ದಾಟಿದ ಮೇಲೆ ಪೇಟೆಯ ಗದ್ದಲ ಮೆಲ್ಲಗೆ ಹಿಂದೆ ಉಳಿಯಿತು. ಎರಡು ಬದಿಗೂ ಹುಣಸೆ ಮರಗಳು, ಕೊಯ್ದ ರಾಗಿಯ ಮೆದೆಗಳು, ಅವರೆ ಹೂವಿನ ವಾಸನೆ. ಒಂದು ಕಡೆ ಬಂಡೆಗಲ್ಲಿನ ಗುಡ್ಡ, ಇನ್ನೊಂದು ಕಡೆ ರೈಲು ಹಳಿ. ಚೆನ್ನೈ ಕಡೆಗೆ ಹೋಗುವ ಗಾಡಿಯೊಂದು ಅವಳ ಜೊತೆಗೇ ಸ್ವಲ್ಪ ದೂರ ಓಡಿ ಮುಂದಕ್ಕೆ ಹೋಯಿತು. ಕೆರೆಯ ನೀರಿನಲ್ಲಿ ಗುಡ್ಡ ತಲೆಕೆಳಗಾಗಿ ನಿಂತಿತ್ತು. ಎಷ್ಟು ಚೆಂದವಿತ್ತೆಂದರೆ ಶ್ಯಾಮಲಳಿಗೆ ಅಳು ಬಂತು. ಇಷ್ಟು ಹತ್ತಿರದ ದಾರಿ ತನ್ನ ಕಣ್ಣು ತಪ್ಪಿಸಿ ಅವರಿಬ್ಬರಿಗೆ ಸಿಕ್ಕಿತಲ್ಲ ಎಂಬ ಉರಿಗೆ ಬಂದ ಅಳು ಅದು.

ಕಾಮಸಮುದ್ರದಿಂದಾಚೆ ಒಂದು ಹಳ್ಳಿಯ ಮುಂದೆ ಹಿಂದಿನ ಚಕ್ರ ಪಂಕ್ಚರಾಯಿತು. ಮಾವಿನ ತೋಪಿನಿಂದ ಒಬ್ಬ ಮುದುಕ ಬಂದು ನಿಂತ. ತನ್ನ ಹೆಸರು ಮುನಿಸ್ವಾಮಪ್ಪ ಎಂದು ಕೇಳದೆಯೇ ಹೇಳಿದ, ಅವಳು ಕೆ.ಜಿ.ಎಫ್.ನವಳೆಂದು ಕೇಳಿ ತಿಳಿದುಕೊಂಡ, ಟ್ಯೂಬು ಮುಳುಗಿಸಿ ತೂತು ನೋಡಲು ಬಕೆಟ್ಟಿನಲ್ಲಿ ನೀರು ತಂದುಕೊಟ್ಟ. ಅವಳು ತೇಪೆ ಹಾಕುವಷ್ಟರಲ್ಲಿ ಹೆಂಡತಿ ಮಂಗಮ್ಮ ಬೇಯಿಸಿದ ಅವರೆಕಾಯಿ ತಂದಿಟ್ಟಳು.

"ರೋಡ್ ಎಂಗೈತಮ್ಮ ನಮ್ದು?" ಎಂದ ಮುನಿಸ್ವಾಮಪ್ಪ.

ಶ್ಯಾಮಲ ತಾನು ಬಂದ ಉದ್ದೇಶ ಮರೆತಳು. "ಇಂಥ ದಾರಿ ನಾನು ನೋಡೇ ಇಲ್ಲ ಯಜಮಾನ್ರೇ. ಇಲ್ಲೇ ಇದ್ದುಬಿಡೋಣ ಅನ್ನಿಸುತ್ತೆ."

ಮುಂದಿನ ಭಾನುವಾರ ಬಂಗಾರಪೇಟೆ ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಎಲ್ಲರೂ ಸೇರಿದ್ದರು. ಶ್ಯಾಮಲ ಮೆಲ್ಲಗೆ ಶುರುಮಾಡಿದಳು. "ನಾನೂ ಒಂದು ಸಲ ಹೋಗಿ ನೋಡಿದೆ. ಕಾಮಸಮುದ್ರದ ಆಚೆ ಕಲ್ಲಿನ ಕ್ವಾರಿ ತೆಗೆದಿದ್ದಾರೆ. ಟಿಪ್ಪರು, ಧೂಳು. ಪಕ್ಕಕ್ಕೆ ಇಳಿಯೋಕೂ ಜಾಗ ಇಲ್ಲ."

"ನಾವು ಹೋದಾಗ ಒಂದೂ ಇರ್ಲಿಲ್ವಲ್ಲ ಅಕ್ಕ?" ಎಂದಳು ಧನುಶ್ರೀ.

"ನೀವು ಹೋಗಿದ್ದು ಭಾನುವಾರ. ಕೆಲಸದ ದಿನ ಹೋಗಿ ನೋಡಮ್ಮ, ಗೊತ್ತಾಗುತ್ತೆ."

ಧನುಶ್ರೀ ಕಲ್ಪನಳ ಮುಖ ನೋಡಿದಳು. ಕಲ್ಪನ ಟೀ ಲೋಟದೊಳಗೆ ನೋಡುತ್ತ ಕೂತಿದ್ದಳು. ಎರಡೂ ಕಡೆ ಟಿಪ್ಪರಿರುವಾಗ, ಶ್ಯಾಮಲಕ್ಕನೇ ಹೇಳಿದ ಮೇಲೆ ಇನ್ನೇನು ಎಂದು ಉಳಿದವರು ಬೇತಮಂಗಲದ ದಾರಿಗೇ ಒಪ್ಪಿದರು. ಗೆದ್ದ ಖುಷಿಯಲ್ಲಿ ಶ್ಯಾಮಲ ಎಲ್ಲರಿಗೂ ಇನ್ನೊಂದು ಸುತ್ತು ಟೀ ಹೇಳಿದಳು.

ಮಧ್ಯಾಹ್ನ ಕಲ್ಪನಳ ಫೋನು ಬಂತು. "ಮನೆ ಅತ್ರ ಬಾ ಅಕ್ಕ."

ಹೋದಾಗ ಅವಳು ಕೊಟ್ಟಿಗೆಯಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದಳು. ತಿರುಗಿ ನೋಡದೆ ಹೇಳಿದಳು. "ಮುನಿಸ್ವಾಮಪ್ಪ ನಮ್ಮಮ್ಮನ ತಮ್ಮ. ನನ್ನ ಸೋದರಮಾವ. ಬುಧವಾರವೇ ಪೋನ್ ಮಾಡಿದ್ದ. ನಿಮ್ ಕೆ.ಜಿ.ಎಫ್.ನೋರು ಒಬ್ರು ಬಂದಿದ್ರು, ಕೆಂಪು ಸೈಕಲ್ಲು, ನಮ್ ರೋಡು ಸ್ವರ್ಗ ಅಂದ್ರು ಅಂತ."

ಹೇಳಿದ ಸುಳ್ಳನ್ನು ಮುಚ್ಚಲು ಶ್ಯಾಮಲಳಿಗೆ ಇನ್ನೊಂದು ಸುಳ್ಳು ಸಿಗಲಿಲ್ಲ.

"ಅಲ್ಲೇ ಎಲ್ಲರ ಮುಂದೆ ಹೇಳಬಹುದಿತ್ತಲ್ಲ?"

"ನಿನ್ನ ಮಾನ ಕಳ್ದು ನಂಗೇನಾಗ್ಬೇಕು? ಆದ್ರೆ ಯಾಕಕ್ಕ ಇಂಗ್ ಮಾಡ್ದೆ?"

"ಆ ಹುಡುಗಿ ಬಂದ ಮೇಲೆ ನಿನಗೆ ನಾನು ಬೇಡವಾದೆ. ನನಗೆ ಹೇಳದೆ ಅವಳನ್ನ ಕರಕೊಂಡು ಹೋದೆ."

ಕಲ್ಪನ ಹುಲ್ಲಿನ ಕಂತೆ ಕೆಳಗೆ ಹಾಕಿದಳು. "ನಿಂಗೆ ಏಳಿದ್ರೆ ನೀನೇ ಮುಂದಕ್ಕೋಯ್ತಿದ್ದೆ. ಇಷ್ಟು ವರ್ಷ ನಿನ್ ಬೆನ್ನು ನೋಡ್ಕಂಡು ತುಳ್ದಿದೀನಿ. ನಿನ್ ಜಾಕೀಟಿನ ಒಲಿಗೆ ಎಲ್ಲೆಲ್ಲಿ ಬಿಚ್ಚೈತೆ ಅಂತ ಗೊತ್ತು, ದಾರೀಲಿ ಏನಿತ್ತು ಅಂತ ಗೊತ್ತಿಲ್ಲ. ಒಂದೇ ಒಂದ್ ಸಲ ನಾನೂ ಮುಂದೆ ಓಗ್ಬೇಕು ಅನ್ಕಂಡೆ. ನಮ್ಮಮ್ಮನ ತವರಿನ ದಾರಿ ಅದು, ಚಿಕ್ಕೋಳಿದ್ದಾಗ ಎತ್ತಿನ್ ಗಾಡೀಲಿ ಓಗ್ತಿದ್ದ ದಾರಿ. ಧನು ಜತೆ ಬಂದ್ಲು ಅಷ್ಟೆ."

ಶ್ಯಾಮಲ ಹಸುಗಳಿಗೆ ಹುಲ್ಲು ಹಾಕುವ ಗೊಂತಿನ ಅಂಚಿನ ಮೇಲೆ ಕೂತುಬಿಟ್ಟಳು. ಅವಳು ಬಯ್ದಿದ್ದರೆ ತಾನೂ ತಿರುಗಿ ಬಯ್ಯಬಹುದಿತ್ತು. "ಹೊಟ್ಟೆಕಿಚ್ಚು ಕಣೇ" ಎಂದಳು.

"ಗೊತ್ತಾಯ್ತು ಬಿಡು. ಎದ್ದೇಳು, ಸೀರೆಗೆ ಸಗಣಿ ಆಯ್ತದೆ."

ಮನೆಗೆ ಬಂದು ಶ್ಯಾಮಲ ಗುಂಪಿನ ವಾಟ್ಸಾಪಿಗೆ ತನ್ನ ದನಿಯಲ್ಲೇ ಹೇಳಿ ಕಳಿಸಿದಳು: ಕ್ವಾರಿಯೂ ಇಲ್ಲ, ಟಿಪ್ಪರೂ ಇಲ್ಲ, ತಾನು ಹೇಳಿದ್ದು ಸುಳ್ಳು, ಕಲ್ಪನ ಆರಿಸಿದ ದಾರಿಯೇ ಚೆನ್ನಾಗಿದೆ. ನಾಚಿಕೆಯಿಂದ ಕಿವಿ ಕಾದಿತ್ತು. ಮೊದಲು ಬಂದ ಉತ್ತರ ಧನುಶ್ರೀಯದು, ಬರೀ ಒಂದು ಹೆಬ್ಬೆರಳಿನ ಚಿತ್ರ. ಅದನ್ನು ನೋಡಿಯೂ ಶ್ಯಾಮಲಳಿಗೆ ರೇಗಿತು.

ಜನವರಿಯ ಚಳಿಯಲ್ಲಿ ಹೊರಟರು. ಕಲ್ಪನ ಮುಂದೆ, ಅವಳ ಪಕ್ಕಕ್ಕೆ ಧನುಶ್ರೀ, ಹಿಂದೆ ಶ್ಯಾಮಲ. ಮುಂದೆ ಅವರಿಬ್ಬರೂ ನಕ್ಕಾಗಲೆಲ್ಲ ಹೊಟ್ಟೆಯೊಳಗೆ ಅದೇ ಉರಿ. ಬುದ್ಧಿ ಹೇಳಿಕೊಂಡರೆ ಹೋಗುವಂಥದ್ದಲ್ಲ ಅದು. ಜವ್ವಾದಿ ಬೆಟ್ಟದ ಏರಿನಲ್ಲಿ ಶ್ಯಾಮಲಳಿಗೆ ಉಸಿರು ಕಟ್ಟಿತು. ಇಳಿದು ಸೈಕಲ್ ತಳ್ಳತೊಡಗಿದಳು. ಕಲ್ಪನ ಹಿಂತಿರುಗಿ ನೋಡದೆ ಹತ್ತಿ ಹೋದಳು. ಅವಳಿಗೆ ಅವಳ ದಾರಿಯ ಸಂಭ್ರಮ. ಇಳಿದು ನಿಂತವಳು ಧನುಶ್ರೀ. ಇಬ್ಬರೂ ತಳ್ಳುತ್ತ ನಡೆದರು. ಅದೂ ಇದೂ ಮಾತಾಡುತ್ತ ಹುಡುಗಿ ಹೇಳಿದಳು: "ಇಲ್ಲಿಗೆ ಬಂದಾಗ ನಂಗೆ ಯಾರೂ ಗೊತ್ತಿರ್ಲಿಲ್ಲ ಅಕ್ಕ. ಊಟಕ್ಕೆ ಬಾ ಅಂತ ಕರೆದವರು ಕಲ್ಪನಕ್ಕ ಒಬ್ಬರೇ." ಊಟದ ಹೊತ್ತಿಗೆ ಎಷ್ಟೋ ಸಲ ಎದುರು ಕೂತಿದ್ದ ಹುಡುಗಿಗೆ ತಾನು ಒಂದು ತುತ್ತು ತಗೋ ಎಂದೂ ಹೇಳಿರಲಿಲ್ಲವೆಂದು ಶ್ಯಾಮಲಳಿಗೆ ಆಗ ಹೊಳೆಯಿತು. ಚೀಲದಿಂದ ಕಡಲೆ ಮಿಠಾಯಿ ತೆಗೆದು ಅರ್ಧ ಮುರಿದು ಕೊಟ್ಟಳು.

ಮೂರನೇ ದಿನ ಪಾಂಡಿಚೇರಿ ಮುಟ್ಟಿದಾಗ ಬಿಸಿಲಿಳಿದಿತ್ತು. ಕಲ್ಪನ ಮಂಡಿಯವರೆಗೆ ಪ್ಯಾಂಟು ಮಡಚಿ ಅಲೆಗಳಲ್ಲಿ ನಿಂತು, ಕಡಲೆಕಾಯಿ ಮಾರುವವಳಿಗೆ ತನ್ನ ಹರುಕು ತಮಿಳಿನಲ್ಲಿ ಹೇಳುತ್ತಿದ್ದಳು: ಕೋಲಾರದ ಕಡೆಯಿಂದ ಬಂದಿದ್ದೇವೆ, ಒಳದಾರಿಯಲ್ಲಿ, ದಾರಿ ಆರಿಸಿದವಳು ನಾನೇ.

ದಡದಲ್ಲಿ ಕೂತಿದ್ದ ಶ್ಯಾಮಲಳಿಗೆ ಅದು ಕೇಳಿಸಿತು. ಉರಿಯಿತು. ಮೊದಲಿನಷ್ಟಲ್ಲ, ಆದರೂ ಉರಿಯಿತು. ಅವಳು ಚಪ್ಪಲಿ ಬಿಟ್ಟು ಎದ್ದು, ಕಲ್ಪನ ನಿಂತಿದ್ದ ನೀರಿನ ಕಡೆಗೆ ನಡೆದಳು.