ಬದುಕಿರುವವರಿಗೊಂದು ಕಣ್ಣು

ನಮ್ಮಪ್ಪನದು ಗುಬ್ಬಿಯಲ್ಲಿ ಫೋಟೊ ಸ್ಟುಡಿಯೋ. ಮದುವೆ, ನಾಮಕರಣ ಎಲ್ಲ ಮೊಬೈಲಿನ ಪಾಲಾದ ಮೇಲೂ ನಮ್ಮ ಅಂಗಡಿ ಬಾಗಿಲು ಹಾಕದೆ ಉಳಿದಿರುವುದು ಸತ್ತವರಿಂದ. ಹೀಗಂದರೆ ಅಮ್ಮ ಕೆಂಡವಾಗುತ್ತಾಳೆ, ಆದರೂ ನಿಜ ನಿಜವೇ. ನಮ್ಮ ಕಡೆಯ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂರಿಸಿದ ಮೇಲೆ ಮನೆಯಲ್ಲಿ ಯಾರಿಗೋ ನೆನಪಾಗುತ್ತದೆ, ಅಜ್ಜಿಯದೊಂದು ಒಳ್ಳೆಯ ಫೋಟೊ ಇಲ್ಲವಲ್ಲ ಅಂತ. ಆಗ ಅಪ್ಪ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಸತ್ತವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ಹೊತ್ತಿಗೆ ಫೋಟೊ ಗೋಡೆಗೇರಬೇಕು, ಮತ್ತು ಆ ಫೋಟೊದಲ್ಲಿ ಅಜ್ಜಿ ಕಣ್ಣು ಬಿಟ್ಟುಕೊಂಡಿರಬೇಕು. ಆ ಕಣ್ಣು ಬರೆಯುವವಳು ನಾನು.

ಪಿಯುಸಿಯಲ್ಲಿ ಬಯಾಲಜಿ ಲ್ಯಾಬಿನ ವಾಸನೆಗೆ ಹೆದರಿ ಓಡಿಬಂದು ತುಮಕೂರಿನಲ್ಲಿ ಚಿತ್ರಕಲೆ ಓದಿದವಳು ನಾನು. ಓದಿದ್ದಕ್ಕೆ ಸಿಕ್ಕ ಕೆಲಸ ಇದು. ಸತ್ತವರ ಮಗನದೋ ಮಗಳದೋ ಕಣ್ಣು ನೋಡಿಕೊಂಡು ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಕಣ್ಣಿನ ಬಿಳಿಯನ್ನು ಹಾಲಿನಷ್ಟು ಬೆಳ್ಳಗೆ ಮಾಡುವುದು, ಕೆಂಪು ನರಗಳನ್ನು ಅಳಿಸುವುದು, ಎಲ್ಲ ಮುಗಿದ ಮೇಲೆ ಪಾಪೆಯ ಪಕ್ಕಕ್ಕೆ ಒಂದು ಬಿಳಿ ಚುಕ್ಕೆ ಇಡುವುದು. ಅದು ಬೆಳಕಿನ ಚುಕ್ಕೆ. ಅದಿಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಹೆಣದ ಕಣ್ಣು ಹೆಣದ ಕಣ್ಣಾಗಿಯೇ ಉಳಿಯುತ್ತದೆ. ಪ್ರಿಂಟ್ ಕೊಡುವ ಮುಂಚೆ ಅಪ್ಪ ಕೇಳುವುದು ಒಂದೇ ಮಾತು, "ಚುಕ್ಕೆ ಇಟ್ಟಾ?"

ಹೀಗೆ ನಾನು ಕಣ್ಣು ಬರೆದ ಒಂದು ಫೋಟೊವನ್ನು, ಗುಬ್ಬಿಯ ನೆಂಟರ ಮನೆಗೆ ಬಂದಿದ್ದ ಒಬ್ಬ ಹೆಂಗಸು ನೋಡಿದರು. ತುಮಕೂರಿನಲ್ಲಿ ಕೃತಕ ಕಣ್ಣು ಮಾಡುವವರು ಅವರು. ಕಣ್ಣು ಕಳೆದುಕೊಂಡವರಿಗೆ ಅಳತೆ ತೆಗೆದು, ಬಣ್ಣ ಬರೆದು, ಕೂರಿಸಿ ಕಳಿಸುವ ಕೆಲಸ. ಎಲ್ಲರೂ ಮೇಡಂ ಅನ್ನುತ್ತಿದ್ದರಿಂದ ನನಗೂ ಅವರು ಮೇಡಂ. ಸೀದಾ ಸ್ಟುಡಿಯೋಗೆ ಬಂದು, ಅಪ್ಪನ ಎದುರಿಗೇ ಕೇಳಿದರು.

"ಸತ್ತೋರಿಗೆ ಇಷ್ಟು ಚೆನ್ನಾಗಿ ಬರೀತೀಯ. ಬದುಕಿರೋರಿಗೆ ಬರೀತೀಯೇನೇ?"

ಇದಕ್ಕೇ ಒಂದು ಕೋರ್ಸ್ ಇದೆಯಂತೆ. ಅರ್ಧ ಚಿತ್ರಕಲೆ, ಅರ್ಧ ದೇಹಶಾಸ್ತ್ರ. ಕಣ್ಣಷ್ಟೇ ಅಲ್ಲ, ಕಿವಿ, ಮೂಗು, ಬೆರಳು ಎಲ್ಲವನ್ನೂ ಮಾಡಲು ಕಲಿಸುತ್ತಾರಂತೆ. ಸೇರುವ ಮುಂಚೆ ಕೆಲವು ವಾರ ತಮ್ಮ ಜೊತೆ ಇದ್ದು ನೋಡು ಅಂದರು. ಅಪ್ಪ ಹೋಗು ಅಂದರು. ಅಮ್ಮ ಮಾತ್ರ ಹಣೆ ಚಚ್ಚಿಕೊಂಡಳು. "ಇಷ್ಟು ದಿನ ಹೆಣದ ಕಣ್ಣಾಯ್ತು, ಇನ್ನು ಗುಂಡಿ ಕಣ್ಣಾ? ನಿಂಗೆ ಹೂವು ಹಣ್ಣು ಬರಿಯಕ್ಕೆ ಏನ್ ರೋಗ?"

ರೋಗವೇನೂ ಇಲ್ಲ, ಜಂಬ. ಕಣ್ಣು ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನುವ ಜಂಬದಲ್ಲೇ ತುಮಕೂರಿನ ಬಸ್ಸು ಹತ್ತಿದೆ.

ಮೊದಲ ದಿನವೇ ಜಂಬ ಇಳಿಯಿತು. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಾಡುತ್ತಿದ್ದ ಒಬ್ಬ ಅಣ್ಣ ಬಂದು ಮೇಡಂ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕುಳಿತಿದ್ದ. ಕಬ್ಬಿಣದ ಚೂರು ಹಾರಿ ಎಡಗಣ್ಣು ಹೋಗಿತ್ತು, ಆಪರೇಷನ್ ಮಾಡಿ ತೆಗೆದಿದ್ದರು. ಮೇಡಂ ಅವನ ಕರಿ ಕನ್ನಡಕ ತೆಗೆದು, ರೆಪ್ಪೆ ಎತ್ತಿ, "ಬಾ, ನೋಡು" ಅಂದರು. ಒಳಗೆ ಏನೂ ಇರಲಿಲ್ಲ. ಏನೂ ಇರಲಿಲ್ಲ ಅನ್ನುವುದೂ ತಪ್ಪು. ನಮ್ಮ ಕೆನ್ನೆಯ ಒಳಗಿರುತ್ತದಲ್ಲ, ಅಂಥ ಒದ್ದೆ ಒದ್ದೆ ಗುಲಾಬಿ ಮಾಂಸ ಇತ್ತು, ಮತ್ತು ಅದು ಅಲ್ಲಾಡುತ್ತಿತ್ತು. ಇನ್ನೊಂದು ಕಣ್ಣು ನನ್ನ ಕಡೆ ತಿರುಗಿದಾಗ ಇದೂ ನನ್ನ ಕಡೆ ತಿರುಗಿತು. ಹೊರಗೆ ಓಡಿ ಮೆಟ್ಟಿಲ ಮೇಲೆ ಕುಳಿತೆ. ಎಷ್ಟೋ ಹೆಣಗಳ ಮುಖವನ್ನು ಪರದೆ ತುಂಬ ದೊಡ್ಡದು ಮಾಡಿ ನೋಡಿದವಳಿಗೆ ಹೀಗಾಗಬಹುದೆಂದು ನಾನು ಅಂದುಕೊಂಡಿರಲೇ ಇಲ್ಲ.

ಒಳಗೆ ಅವನ ಹೆಂಡತಿ ಮೇಡಂಗೆ ಹೇಳುತ್ತಿದ್ದ ಮಾತು ಕೇಳಿಸಿತು. "ನಾವು ಕುಣಿಗಲ್ ಕಡೆಯೋರು ಮೇಡಂ. ಮಗಾನ ಹುತ್ರಿದುರ್ಗದ ತಾವ ನಮ್ಮವ್ವನ ಮನೇಲಿ ಬುಟ್ಟಿದೀನಿ. ಏಟು ಬಿದ್ದಾಗಿಂದ ಅಪ್ಪನ ತಾವ ಬರಾಕಿಲ್ಲ ಅಂತದೆ. ಎತ್ಕೊಳ್ಳಕ್ಕೆ ಹೋದ್ರೆ ಬಾಗಿಲ ಹಿಂದಕ್ಕೆ ಹೋಯ್ತದೆ. ಕಣ್ಣು ಕೂರಿಸಿದ್ರಾದರೂ ಬತ್ತದೇನೋ."

ತಿರುಗಿ ಬಾಗಿಲೊಳಗೆ ಇಣುಕಿದೆ. ಆ ಅಣ್ಣ ಕನ್ನಡಕವನ್ನು ಕೈಯಲ್ಲಿ ತಿರುಗಿಸುತ್ತ ಹೆಂಡತಿಯನ್ನೇ ನೋಡುತ್ತಿದ್ದ. ಅವನಿಗೆ ಬೇಕಾಗಿದ್ದೂ ಅದೊಂದೇ ಅನ್ನುವುದು ಮುಖ ನೋಡಿದರೇ ತಿಳಿಯುತ್ತಿತ್ತು. ನಾಚಿಕೆಯಾಗಿ ಎದ್ದು ಒಳಗೆ ಹೋದೆ.

ಕೃತಕ ಕಣ್ಣು ಗೋಲಿಯ ಹಾಗೆ ಗುಂಡಗಿರುತ್ತದೆ ಅಂದುಕೊಂಡಿದ್ದೆ. ಅದೂ ಸುಳ್ಳಾಯಿತು. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವಂಥದೇ ಹಿಟ್ಟಿನಲ್ಲಿ ಗುಳಿಯ ಅಚ್ಚು ತೆಗೆದು, ಅದರ ಅಳತೆಗೆ ಅಕ್ರಿಲಿಕ್ಕಿನ ಚಿಕ್ಕ ಬಿಳಿ ಚಿಪ್ಪು ಮಾಡುತ್ತಾರೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಗಾಜಿನಂಥ ಪಾರದರ್ಶಕ ಪದರ. ಬಣ್ಣ ಬರೆಯುವಾಗ ಅವನನ್ನು ಕಿಟಕಿಯ ಬೆಳಕಿನಲ್ಲಿ ಎದುರಿಗೆ ಕೂರಿಸಿಕೊಂಡು, ಉಳಿದ ಕಣ್ಣನ್ನು ನೋಡಿಕೊಂಡೇ ಬರೆಯಬೇಕು ಅಂತ ಮೇಡಂ ಹೇಳಿ, ಕಣ್ಣಿನ ಕ್ಯಾಂಪಿಗೆಂದು ಕುಣಿಗಲ್ಲಿಗೆ ಹೋದರು.

ನನಗೆ ಅವನ ಎದುರು ಕೂರುವ ಧೈರ್ಯ ಬರಲಿಲ್ಲ. ಮೊಬೈಲಿನಲ್ಲಿ ಅವನ ಬಲಗಣ್ಣಿನ ಫೋಟೊ ತೆಗೆದುಕೊಂಡು, "ಹೋಗಣ್ಣ, ಫೋನ್ ಮಾಡ್ತೀನಿ" ಅಂತ ಕಳಿಸಿಬಿಟ್ಟೆ. ಫೋಟೊ ನೋಡಿ ಕಣ್ಣು ಬರೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ಸಂಜೆಯೊಳಗೆ ಮುಗಿಸಿ ಮೇಲಿನ ಪದರವನ್ನೂ ಹಾಕಿ ಪಾಲಿಷ್ ಮಾಡಿದೆ. ಮಾರನೆಯ ದಿನ ಮೇಡಂ ಅಂಗೈಯಲ್ಲಿಟ್ಟು ನೋಡಿ, "ಪರವಾಗಿಲ್ವೇ!" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಕೂರಿಸುವ ದಿನ ಹೆಂಡತಿ ಮಗಳನ್ನೂ ಕರೆದುಕೊಂಡು ಬಂದಿದ್ದಳು. ಇನ್ನೂ ಅಂಗನವಾಡಿಗೆ ಹೋಗುವ ಮಗು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಮೇಡಂ ಕಣ್ಣು ಕೂರಿಸಿದರು. ಆತ ರೆಪ್ಪೆ ಬಡಿದು, ಕಿಟಕಿಯ ಕಡೆ ನೋಡಿ, ಆಮೇಲೆ ಮಗುವಿನ ಕಡೆ ತಿರುಗಿದ.

ಒಂದು ಕಣ್ಣು ಮನುಷ್ಯನದು. ಇನ್ನೊಂದು ನಮ್ಮ ಸ್ಟುಡಿಯೋದ್ದು. ಹಾಲಿನಂಥ ಬಿಳಿ, ಒಂದೂ ನರವಿಲ್ಲ, ಪಾಪೆಯ ಪಕ್ಕ ಬಿಳಿ ಚುಕ್ಕೆ. ಅಭ್ಯಾಸಬಲ! ಯಾವಾಗ ಇಟ್ಟೆನೋ ನನಗೇ ನೆನಪಿಲ್ಲ. ಅಂಗೈಯಲ್ಲಿದ್ದಾಗ ಅದು ಕಿಟಕಿಯ ಬೆಳಕು ಬಿದ್ದಂತೆ ಕಂಡಿತ್ತು, ಮೇಡಂ ಕಣ್ಣಿಗೂ ಮಣ್ಣೆರಚಿತ್ತು. ಈಗ ಆತ ಅತ್ತ ಇತ್ತ ತಿರುಗಿದಾಗ ನಿಜವಾದ ಕಣ್ಣಿನ ಹೊಳಪು ಜಾಗ ಬದಲಿಸುತ್ತಿತ್ತು, ನನ್ನ ಚುಕ್ಕೆ ಮಾತ್ರ ಅಲ್ಲೇ ನಿಂತು ಎಲ್ಲರನ್ನೂ ನೆಟ್ಟ ನೋಟದಲ್ಲಿ ನೋಡುತ್ತಿತ್ತು.

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯೋ, ಗೋಡೆ ಮೇಲಿನ ಫೋಟಾ ನೋಡ್ದಂಗಾಯ್ತದಲ್ಲ!"

"ಅಪ್ಪ ಗುರಾಯಿಸ್ತದೆ!" ಅಂತ ಮಗು ಚಿಟ್ಟನೆ ಚೀರಿ ಹೊರಗೆ ಓಡಿತು. ತಾಯಿ ಅದರ ಹಿಂದೆ ಓಡಿದಳು. ಆತ ಕನ್ನಡಕ ಹಾಕಿಕೊಂಡ.

ಮೇಡಂ ಬೈಯಲಿಲ್ಲ, ಅದೇ ಕಷ್ಟವಾದದ್ದು. "ಬದುಕಿರೋ ಮನುಷ್ಯನ್ನ ಸಾಯಿಸಿ ಗೋಡೆಗೆ ಹಾಕ್ಬಿಟ್ಯಲ್ಲೇ" ಅಂದರಷ್ಟೆ. ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಇಡೀ ದಾರಿ ಅತ್ತೆ. ಕೋರ್ಸೂ ಬೇಡ, ಕಿವಿ ಮೂಗೂ ಬೇಡ, ನನ್ನ ಸತ್ತವರೇ ವಾಸಿ, ಅವರು ಚೀರುವುದಿಲ್ಲ ಅನ್ನಿಸಿತು. ಮನೆಯಲ್ಲಿ ಅಪ್ಪನಿಗೆ ಹೇಳಿದರೆ ಅವರು, "ಸರಿಯಾಗೇ ಇಟ್ಟಿದೀಯಲ್ಲ ಚುಕ್ಕೆ, ಇನ್ನೇನು?" ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಅವರು ತಮಾಷೆ ಮಾಡಿದ್ದಲ್ಲ, ನಿಜವಾಗಿಯೂ ಅವರಿಗೆ ತಪ್ಪು ಕಂಡಿರಲಿಲ್ಲ. ಆ ಸಿಟ್ಟಿಗೇ ಮಾರನೆಯ ಬೆಳಿಗ್ಗೆ ಮತ್ತೆ ತುಮಕೂರಿಗೆ ಹೋದೆ.

ಈ ಸಲ ಆತನನ್ನು ಫೋನ್ ಮಾಡಿ ಕರೆಸಿ ಎದುರಿಗೆ ಕೂರಿಸಿಕೊಂಡೆ. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ಆದರೂ ನೋಟ ಅವನ ಅಂಗಿಯ ಗುಂಡಿಗೆ ಜಾರುತ್ತಿತ್ತು. ಆತನೇ ನಕ್ಕ.

"ಏನವ್ವಾ, ನನ್ ಕಣ್ಣು ಅಂಗಿ ಮೇಲದಾ? ಮೇಲಕ್ಕೆ ನೋಡು. ಕಚ್ಚಾಕಿಲ್ಲ."

ನೋಡಿದೆ. ನೋಡಿದಷ್ಟೂ ಬೆಚ್ಚಿದೆ. ಅದು ಬಿಳಿಯೇ ಅಲ್ಲ! ಹಳೇ ಪಂಚೆಯ ಬಣ್ಣ, ಅಂಚಿನಲ್ಲಿ ಕಾಫಿ ಚಿಮ್ಮಿದಂಥ ಒಂದು ಕಂದು ಕಲೆ, ಮೂಗಿನ ಕಡೆ ಕೆಂಪು ನರಗಳ ಜಾಲ. ಕಪ್ಪು ಅಂದುಕೊಂಡಿದ್ದ ಗುಡ್ಡೆ ಕಂದು, ಅದರೊಳಗೆ ಜೇನಿನ ಬಣ್ಣದ ಗೆರೆಗಳು, ಸುತ್ತ ಬೂದಿಯ ಬಳೆ. ಸ್ಟುಡಿಯೋದಲ್ಲಿ ನಾನು ಇಷ್ಟು ವರ್ಷ ಅಳಿಸಿ ಅಳಿಸಿ ಎಸೆದದ್ದೆಲ್ಲ ಇದೇ. ರೇಷ್ಮೆಯ ಕೆಂಪು ಎಳೆಗಳನ್ನು ಚಿಮಟದಲ್ಲಿ ಬಿಡಿಸಿ ಬಿಡಿಸಿ ನರಗಳಂತೆ ಹೊಸ ಚಿಪ್ಪಿನ ಮೇಲೆ ಅಂಟಿಸಿದೆ. ಬಿಳಿಗೆ ಹಳದಿ ಬೆರೆಸಿದೆ, ಕಲೆಯನ್ನು ಕಲೆಯಾಗಿಯೇ ಬರೆದೆ. ಚುಕ್ಕೆ ಇಡಲಿಲ್ಲ. ಕೈ ಎರಡು ಮೂರು ಸಲ ತಾನಾಗಿಯೇ ಬಿಳಿ ಬಣ್ಣದ ಕಡೆ ಹೋಯಿತು, ಹಿಂದಕ್ಕೆಳೆದುಕೊಂಡೆ.

ಆ ವಾರವೇ ಕಣ್ಣು ಕೂರಿಸಿದರು. ಮೇಡಂ ದೂರ ನಿಂತು, ಹತ್ತಿರ ಬಂದು, ಬಿಸಿಲಿಗೆ ಕರೆದೊಯ್ದು ನೋಡಿದರು. ಕುಣಿಗಲ್ಲಿನಲ್ಲಿ ಅವರಿಗೆ ಮತ್ತೆ ಕ್ಯಾಂಪಿತ್ತು. ಗಂಡ ಹೆಂಡತಿಯನ್ನೂ ನನ್ನನ್ನೂ ತಮ್ಮ ಕಾರಿನಲ್ಲೇ ಹತ್ತಿಸಿಕೊಂಡು, ಕ್ಯಾಂಪ್ ಮುಗಿಸಿ ಹುತ್ರಿದುರ್ಗದ ಕಡೆ ತಿರುಗಿಸಿದರು. ಮಗು ತುಮಕೂರಿಗೆ ಇನ್ನು ಬರುವುದಿಲ್ಲ ಅಂತ ಹಟ ಹಿಡಿದಿತ್ತು.

ಅಜ್ಜಿಯ ಮನೆಯ ಮುಂದೆ ಇಳಿದಾಗ ಮಗು ಹೊಸ್ತಿಲ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿತ್ತು. ಅಪ್ಪನನ್ನು ಕಂಡದ್ದೇ ಎದ್ದು ಬಾಗಿಲ ಹಿಂದೆ ಹೋಯಿತು. ಆತ ಅಂಗಳದಲ್ಲೇ ನಿಂತ. ಕನ್ನಡಕ ಇರಲಿಲ್ಲ, ಆದರೂ ಇಷ್ಟು ದಿನದ ಅಭ್ಯಾಸದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ದನದ ಕೊಟ್ಟಿಗೆ ನೋಡುತ್ತ ನಿಂತಿದ್ದ. ಈಗ ಚೀರುತ್ತದೆ, ಈಗ ಚೀರುತ್ತದೆ ಅಂತ ಕಾದೆ.

ಬಾಗಿಲ ಹಿಂದಿನಿಂದ ದನಿ ಬಂತು.

"ಇನ್ನೂ ಕ್ವಾಪನಾ?"

"ಯಾರಿಗವ್ವ ಕ್ವಾಪ?"

"ನಿಂಗೆ. ನನ್ ಮ್ಯಾಲೆ. ನೀನು ನನ್ ಕಡೆ ನೋಡಾದೇ ಇಲ್ವಲ್ಲ. ಅವತ್ತು ನೋಡ್ದಾಗ ಗುರಾಯಿಸ್ದೆ."

ಮಗು ಗುಳಿ ಬಿದ್ದ ಕಣ್ಣಿಗೆ ಹೆದರಿದೆ ಅಂತ ಇಡೀ ಮನೆಯೇ ನಂಬಿತ್ತು. ಹೆದರುತ್ತದೆ ಅಂತ ಆತ ಮುಖ ತಿರುಗಿಸಿಕೊಂಡು ಓಡಾಡಿದ್ದ. ಮುಖ ತಿರುಗಿಸಿಕೊಂಡ ಅಪ್ಪನಿಗೆ ತನ್ನ ಮೇಲೆ ಕೋಪ ಅಂತ ಅದು ಇಷ್ಟು ದಿನ ಬಾಗಿಲ ಹಿಂದೆ ನಿಂತಿತ್ತು.

ಆತ ಮಂಡಿಯೂರಿ ಕುಳಿತು ಮುಖವನ್ನು ನೇರಕ್ಕೆ ತಿರುಗಿಸಿದ. ಮಗು ನಿಧಾನಕ್ಕೆ ಬಂದು ಎದುರು ನಿಂತು, ಒಂದು ಕಣ್ಣು, ಇನ್ನೊಂದು ಕಣ್ಣು, ಮತ್ತೆ ಮೊದಲನೆಯ ಕಣ್ಣು, ಹೀಗೆ ನೋಡಿತು. ಆಮೇಲೆ ಬಲಗಣ್ಣಿನ ಹತ್ತಿರಕ್ಕೆ, ಅವನ ಸ್ವಂತ ಕಣ್ಣಿನ ಹತ್ತಿರಕ್ಕೆ, ಬೆರಳು ತಂದಿತು.

"ಇದಾ ಏಟು ಬಿದ್ದಿದ್ದು?"

ನಾನು ಕಾರಿನ ಬಾಗಿಲು ಹಿಡಿದುಕೊಂಡೆ. ಆತ ಒಂದು ಗಳಿಗೆ ತಡೆದು, "ಹೂ ಕಣವ್ವ, ಅದೇಯ" ಅಂದ. ಮಗು ಆ ಕಣ್ಣಿಗೆ ಉಫ್ ಉಫ್ ಎಂದು ಊದಿ, ಅವನ ಕತ್ತಿಗೆ ಜೋತುಬಿದ್ದಿತು. ಆತನಿಗೆ ಅಳು ಬಂತು. ಬಲಗಣ್ಣಿನಿಂದ ನೀರಿಳಿಯಿತು. ನಾನು ಹೌಹಾರಿದ್ದು ಆಮೇಲೆ. ಎಡಗಣ್ಣಿನಿಂದಲೂ ಇಳಿಯುತ್ತಿತ್ತು! ನಾನು ಅಕ್ರಿಲಿಕ್ಕಿನಲ್ಲಿ ಮಾಡಿದ ಕಣ್ಣು, ನಾನು ರೇಷ್ಮೆ ಎಳೆ ಅಂಟಿಸಿದ ಕಣ್ಣು, ಅಳುತ್ತಿತ್ತು. ನಾನು ಮೇಡಂ ತೋಳನ್ನು ಗಟ್ಟಿಯಾಗಿ ಹಿಡಿದೆ.

"ಮೇಡಂ, ಅದು ಹೆಂಗೆ? ಅದಕ್ಕೆ ಹೆಂಗೆ ನೀರು ಬಂತು?"

"ಕಣ್ಣೀರು ಬರೋದು ಗುಡ್ಡೆಯಿಂದ ಅಲ್ಲ ಕಣೇ, ಮೇಲಿರೋ ಗ್ರಂಥಿಯಿಂದ. ಅದು ಹಂಗೇ ಇದೆಯಲ್ಲ. ಇಷ್ಟೂ ಗೊತ್ತಿಲ್ವಾ? ಬರೆಯಕ್ಕೆ ಬಂದ್ರೆ ಸಾಲ್ದು, ಓದ್ಬೇಕು" ಅಂದರು ಮೇಡಂ, ಅವರೂ ಕಣ್ಣೊರೆಸಿಕೊಳ್ಳುತ್ತ.

"ಓದ್ತೀನಿ" ಅಂದೆ.