ಸಾಧಾರಣ ಮಂಗ್ಯಾ

ಬಸವಕಲ್ಯಾಣದ ಆ ಓಣಿಯಲ್ಲಿ ಯುಗಾದಿಯ ಗುಡಿಕೋಲು ಏರಬೇಕಾದರೆ ಮೊದಲು ಮಕ್ಬೂಲನ ಒಲೆ ಹೊತ್ತಬೇಕು. ಬಾಗಿಲ ಮುಂದೆ ಕೋಲು ನಿಲ್ಲಿಸಿ, ರೇಷ್ಮೆ ಸೀರೆ ಉಡಿಸಿ, ಮೇಲೆ ತಂಬಿಗೆ ಬೋರಲು ಹಾಕಿ, ಬೇವಿನ ಟೊಂಗೆ ಕಟ್ಟಿದರೂ ಸಕ್ಕರೆ ಸರ ಹಾಕದಿದ್ದರೆ ಅದು ಗುಡಿಯಲ್ಲ, ಬಟ್ಟೆ ಒಣಹಾಕಿದ ಗಳ. ವರ್ಷವೆಲ್ಲ ಬತ್ತಾಸು, ಚುರುಮುರಿ ಮಾರಿಕೊಂಡು ತಗ್ಗಿ ಬಗ್ಗಿ ಇರುವ ಈ ಮನುಷ್ಯ ಹೋಳಿಯಿಂದ ಯುಗಾದಿಯವರೆಗೆ ಮಾತ್ರ ಎದೆ ಉಬ್ಬಿಸಿ ಓಡಾಡುತ್ತಾನೆ. ಉಬ್ಬಿಸಲಿ ಬಿಡಿ. ಹುಮನಾಬಾದಿನ ಆಚೆ ಮಾಣಿಕನಗರದ ಅಂಗಡಿಗಳಿಗೂ ಅವನ ಸರವೇ ಹೋಗುತ್ತದೆ.

ಮರದ ಅಚ್ಚಿನಲ್ಲಿ ದಾರ ಹಾಸಿ, ಕುದಿಯುವ ಪಾಕ ಸುರಿದು, ಆರಿದ ಮೇಲೆ ಅಚ್ಚು ಬಿಚ್ಚಿದರೆ ದಾರದ ಗುಂಟ ಬಿಳಿ ಬಿಲ್ಲೆಗಳು. ಒಂದು ಬಿಲ್ಲೆ ಒಡೆದರೂ ಆ ಸರ ದೇವರಿಗೆ ನಡೆಯುವುದಿಲ್ಲ. ಮತ್ತೆ ಕರಗಿಸಿದರೆ ಬಿಳುಪು ಹೋಗುತ್ತದೆ. ಹಾಗೆ ಒಡೆದ ಸರಗಳನ್ನು ಮಕ್ಬೂಲ್ ಮೂರು ವರ್ಷದಿಂದ ಹಿತ್ತಲ ಬೇವಿನ ಮರಕ್ಕೆ ಬರುವ ಒಂದು ಮುಸುವಕ್ಕೆ ತಿನ್ನಿಸುತ್ತಿದ್ದ. ಬಾಲ ಮೋಟು, ಗತ್ತು ಉದ್ದ. ಅದಕ್ಕೆ ಬೇಗಂ ಎಂದು ಹೆಸರಿಟ್ಟಿದ್ದ. ದಾರ ನುಂಗಿದರೆ ಕರುಳಿಗೆ ಸುತ್ತಿಕೊಂಡೀತೆಂದು ಹೆದರಿ, ದಾರದ ತುದಿಯನ್ನು ತಾನು ಹಿಡಿದು ಬಿಲ್ಲೆಗಳನ್ನಷ್ಟೇ ಬಿಡಿಸಿಕೊಡುತ್ತಿದ್ದ. ನೋಡಿ ನೋಡಿ ಬೇಗಂ ತಾನೇ ಕಲಿತಳು. ಬಿಲ್ಲೆಗಳನ್ನು ಒಂದೊಂದಾಗಿ ಹಲ್ಲಿನಿಂದ ಒಡೆದು ತಿಂದು, ದಾರವನ್ನು ಇಡಿಯಾಗಿ ಬಿಟ್ಟು ಹೋಗುತ್ತಿದ್ದಳು. ನಮ್ಮ ಮನೆಯವರಿಗಿಂತ ಇದಕ್ಕೇ ಶಿಸ್ತು ಹೆಚ್ಚು ಎಂದು ಹೆಂಡತಿ ಫರಹತ್ ನಗುತ್ತಿದ್ದಳು.

ಕಳೆದ ವರ್ಷ ಯುಗಾದಿಯೂ ರಂಜಾನಿನ ಕಡೆಯ ರೋಜಾವೂ ಒಂದೇ ದಿನ ಬಿದ್ದವು. ಪಕ್ಕದ ಮನೆಯ ಭಾಗಮ್ಮನಿಗೆ ಅದು ಸೊಸೆ ಬಂದ ಮೇಲಿನ ಮೊದಲ ಯುಗಾದಿ. ಅಂಗೈಯಗಲದ ಪದಕವಿರುವ ಸರವನ್ನು ಹೇಳಿ ಮಾಡಿಸಿದ್ದಳು. ಮಧ್ಯಾಹ್ನ ಎಲ್ಲರೂ ಒಳಗೆ ಹೋಳಿಗೆಗೆ ಕೂತಾಗ ಗುಡಿಯ ಮೇಲಿನ ಸರ ಮಾಯವಾಯಿತು. ತಂಬಿಗೆ ಉರುಳಿತ್ತು, ಸೀರೆ ಜಾರಿತ್ತು, ಕೆಳಗೆ ದಾರ ಮಾತ್ರ ಇಡಿಯಾಗಿ ಬಿದ್ದಿತ್ತು. ಆ ಹೊತ್ತಿಗೆ ಹೊರಗೆ ಅಂಗಳದಲ್ಲಿದ್ದವಳು ಕಸಮುಸುರೆ ಮಾಡುವ ಗಯಾಬಾಯಿ ಒಬ್ಬಳೇ.

ಭಾಗಮ್ಮ ಮಕ್ಬೂಲನನ್ನು ಕರೆಸಿದಳು.

"ಸರಾ ನೀವ ಮಾಡಿದ್ದು ಭಾಯಿ, ನೀವ ನೋಡಿ ಹೇಳ್ರಿ. ತಾನ ಹರದು ಬಿದ್ದೀತೇನು?"

"ಇಲ್ರಿ ಅಕ್ಕಾರ, ತಾನಾಗಿ ಬೀಳಂಗಿಲ್ರಿ."

"ಹಂಗಾರ ಮಂಗ್ಯಾ ಏನು? ಮಂಗ್ಯಾ ಆದ್ರ ದಾರಾ ಕಡದು ಚಿಂದಿ ಮಾಡ್ತಿತ್ತು. ಹೌದಲ್ರಿ?"

ದಾರ ಕೈಗೆ ಬಂದ ಕೂಡಲೇ ಮಕ್ಬೂಲನಿಗೆ ಗೊತ್ತಾಗಿತ್ತು. ಒಂದು ತುದಿಯಲ್ಲಿ ಹಲ್ಲಿನ ಗುರುತು, ಉಳಿದದ್ದು ನೆಟ್ಟಗೆ. ಆದರೆ ಹೇಳುವುದು ಹೇಗೆ? ನಿಮ್ಮ ಗುಡಿ ಕೆಡವಿದ ಮುಸುವಕ್ಕೆ ಸಕ್ಕರೆಯ ಚಟ ಹತ್ತಿಸಿದವನು ನಾನೇ ಎಂದು ಹಬ್ಬದ ದಿನ, ಓಣಿಯ ಮಂದಿಯೆಲ್ಲ ನಿಂತಿರುವಾಗ ಹೇಳುವುದೇ? ರೋಜಾದಲ್ಲಿ ಸುಳ್ಳಾಡುವಂತೆಯೂ ಇಲ್ಲ. ಅವನು ತಲೆ ತಗ್ಗಿಸಿ ಬಹಳ ಜಾಣತನದ ಒಂದು ಮಾತು ಹೇಳಿದ.

"ಸಾಧಾರಣ ಮಂಗ್ಯಾ ಆದ್ರ, ಹೌದ್ರಿ."

'ಸಾಧಾರಣ' ಯಾರ ಕಿವಿಗೂ ಬೀಳಲಿಲ್ಲ. 'ಹೌದ್ರಿ' ಎಲ್ಲರಿಗೂ ಕೇಳಿಸಿತು. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಇಲ್ಲಿ ಮಂಗ ಬರೀ ತಿಂದಿತ್ತು. ಒರೆಸಿದವನು ಮಕ್ಬೂಲ್.

"ದೇವರ ಸರಕ್ಕ ಕೈ ಹಾಕಿದಾಕಿ ನಾಳೆ ತಿಜೂರಿಗೆ ಹಾಕ್ಯಾಳ. ಇನ್ನ ನೀ ಕೆಲಸಕ್ಕ ಬರಬ್ಯಾಡ" ಎಂದಳು ಭಾಗಮ್ಮ, ಗಯಾಬಾಯಿಯ ಕಡೆ ತಿರುಗಿ.

ಒಂಬತ್ತು ವರ್ಷ ಆ ಮನೆಯ ಪಾತ್ರೆ ತಿಕ್ಕಿದ ಗಯಾಬಾಯಿ ಅಳಲಿಲ್ಲ, ಆಣೆ ಮಾಡಲಿಲ್ಲ. ಮಕ್ಬೂಲನನ್ನು ಒಂದು ಸಲ ನೋಡಿ, ಕಸಬರಿಗೆಯನ್ನು ಗೋಡೆಗೆ ಆನಿಸಿ ನಡೆದಳು.

ಮನೆಗೆ ಬಂದ ಮಕ್ಬೂಲನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ತಾನು ಸುಳ್ಳು ಹೇಳಿಲ್ಲ ಎಂದು ನೂರು ಸಲ ಸಮಾಧಾನ ಮಾಡಿಕೊಂಡ. ಸುಳ್ಳು ಹೇಳಿದ್ದರೇ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಹೊಟ್ಟೆಯ ಉಪವಾಸ ಉಳಿದಿತ್ತು, ನಾಲಿಗೆಯದು ಮಧ್ಯಾಹ್ನವೇ ಮುರಿದಿತ್ತು. ಸಂಜೆ ಅಜಾನ್ ಆಯಿತು. ಫರಹತ್ ಕೊಟ್ಟ ಖರ್ಜೂರ ಬಾಯಿಗೆ ಹೋಗಲೊಲ್ಲದು. ಅವಳಿಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ, ಬಾಗಿಲ ಕಡೆ ಕೈ ತೋರಿಸಿದಳು. ಖರ್ಜೂರವನ್ನು ಕಿಸೆಗೆ ಹಾಕಿಕೊಂಡು ಎದ್ದ.

ಭಾಗಮ್ಮನ ಪಡಸಾಲೆಯಲ್ಲಿ ನಿಂತು, ಬೇಗಂ, ದಾರ, ಮೂರು ವರ್ಷದ ಸಕ್ಕರೆ, ಎಲ್ಲವನ್ನೂ ಒಪ್ಪಿಸಿದ. ಉಗಿಯುತ್ತಾರೆಂದು ಕಾದ. ಭಾಗಮ್ಮ ಮೊದಲು ಬೆರಗಾದಳು, ಆಮೇಲೆ ನಕ್ಕೇಬಿಟ್ಟಳು.

"ಈಗಿನ ಕಾಲದಾಗ ಇಷ್ಟು ಖರೆ ಹೇಳಾವ್ರು ಯಾರದಾರ್ರಿ! ರೋಜಾ ಬಿಡೋ ಹೊತ್ತನ್ಯಾಗ ಎದ್ದು ಬಂದೀರಿ. ಕೂಡ್ರಿ, ಕೂಡ್ರಿ."

ನೀರು ಬಂತು, ಹೋಳಿಗೆ ಬಂತು. ಮಗ ಗುರುನಾಥ ಬಂದು ಕೈ ಕುಲುಕಿದ. ಅವನಿಂದಲೇ ಗಯಾಬಾಯಿಗೆ ಫೋನ್ ಹೋಯಿತು: "ನಾಳೆ ಬಾ ಅಂದಾರವಾ." ಅಷ್ಟೇ. ತಪ್ಪಾಯಿತೆಂದು ಯಾರೂ ಅನ್ನಲಿಲ್ಲ. ಅದು ಮಕ್ಬೂಲನ ಮನಸ್ಸಿಗೆ ಚುಚ್ಚಿತು. ಬಾಯಲ್ಲಿ ಹೋಳಿಗೆ ಇತ್ತು, ಅವನೂ ಸುಮ್ಮನಿದ್ದ.

ಮರುದಿನ ಈದ್. ನಮಾಜು ಮುಗಿಸಿ ಬಂದವನೇ ಒಂದು ಲೋಟ ಸುರಕುಂಬಾ ಪಾಯಸ ಹಿಡಿದು ಹಿತ್ತಲಿಗೆ ಹೋದ. ಮೋಟುಗೋಡೆಯ ಆಚೆ ಗಯಾಬಾಯಿ ಎಂದಿನಂತೆ ಮುಸುರೆ ತಿಕ್ಕುತ್ತಿದ್ದಳು.

"ತಪ್ಪಾತು ಗಯಾಬಾಯಿ. ಅದು ನಮ್ಮ ಬೇಗಂ..."

"ಗೊತ್ತದ ಭಾಯಿ." ಅವಳು ಕೈ ತೊಳೆದು ಲೋಟ ತೆಗೆದುಕೊಂಡಳು. "ದಿನಾ ಇಲ್ಲೇ ಕುಂತು ತಿಕ್ಕತೀನಿ. ನೀವು ದಾರಾ ಹಿಡದು ತಿನ್ನಸೂದು ನೋಡಿಲ್ಲೇನು? ನಿನ್ನೆ ದಾರಾ ನೋಡಿದಾಗ ನನಗೂ ತಿಳೀತು."

"ಮತ್ತ ಯಾಕ ಹೇಳಲಿಲ್ಲವಾ?"

"ನಾ ಹೇಳಿದ್ರ, ಕಳವು ಮಾಡಿ ಮಂಗ್ಯಾನ ಮ್ಯಾಲ ಹಾಕಾಕತ್ತಾಳ ಅಂತಿದ್ರು. ನೀವು ಹೇಳ್ತೀರಿ ಅಂತ ಸುಮ್ಮನಿದ್ನಿ." ಅವಳು ಸುರಕುಂಬಾ ಕುಡಿದು ಬಾಯಿ ಒರೆಸಿಕೊಂಡಳು. "ರೋಜಾ ಇದ್ದ ಮನಷ್ಯಾ, ಈಗ ಹೇಳ್ತಾನ, ಈಗ ಹೇಳ್ತಾನ ಅಂತ ಓಣಿ ತಿರುವಿನ ತನಕಾ ಸಾವಕಾಶ ನಡದ್ನಿ, ಭಾಯಿ."

ಲೋಟ ತೊಳೆದು ಗೋಡೆಯ ಮೇಲೆ ಬೋರಲು ಹಾಕಿ, ಅವಳು ಉಳಿದ ಪಾತ್ರೆಗಳಿಗೆ ಕೈ ಹಚ್ಚಿದಳು.