ಶಿವವ್ವ ಬಡಿದು ಕಲಿತ ಇಂಗ್ಲಿಷು

ಮಡ್ಕಯಿ ಊರಿನ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದಿನದ ಕೆಲಸ ಶುರುವಾಗುವುದು ಶುಚಿತ್ವದ ಇಂಗ್ಲಿಷ್ ಪ್ರತಿಜ್ಞೆಯಿಂದ. ಅದನ್ನು ಓದುವವರು ಲೈನ್ ಲೀಡರ್. ಆ ಜಾಗ ಖಾಲಿಯಾದಾಗ, ಕೆಲಸ ಬಲ್ಲವಳೆಂದು ಎಲ್ಲರೂ ಶಿವವ್ವನ ಹೆಸರು ಹೇಳಿದರು. ಬರುವ ಸೋಮವಾರ ಪ್ರತಿಜ್ಞೆ ಓದಿ ತೋರಿಸಿದರೆ ಜಾಗ ಅವಳದು. ಬಾದಾಮಿ ಕಡೆಯ ಶಿವವ್ವ ಅಕ್ಷರ ಕೂಡಿಸಿ ಸಣ್ಣ ಪದಗಳನ್ನು ಓದುತ್ತಿದ್ದಳು. ಉದ್ದದ ಪದ ಬಂದರೆ ನಡುವೆಯೇ ಉಸಿರು ನಿಲ್ಲುತ್ತಿತ್ತು.

ಪಕ್ಕದ ಖೋಲಿಯ ಲಾಡಬಿ ಮೊಬೈಲ್ ಕೇಳಿ ಕೇಳಿ ತಾನೇ ಇಂಗ್ಲಿಷ್ ಕಲಿತವಳು. ಸಂಜೆ ಬಂದು ಪ್ರತಿಜ್ಞೆಯ ಹಾಳೆ ಹಿಡಿದು ಒಲೆಯ ಬಳಿ ಕೂತಳು.

“ಯಕ್ಕಾ, ಇಡೀದ ನುಂಗಾಕ ಹೋಗಬ್ಯಾಡ. ಮುರಕೊಂಡು ತಿನ್ನು. ಕಂ-ಟ್ಯಾ-ಮಿ-ನೇ-ಶನ್. ‘ನೇ’ ಬಂದಾಗ ಜೋರ ಹೇಳು.”

ಶಿವವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾಲಿಗೆ ಒಂದೊಂದು ತುಂಡು ಹೇಳಿದಂತೆ ಅಂಗೈ ಒಂದೊಂದು ಏಟು ಹಾಕಿತು. ‘ನೇ’ಗೆ ಬಿದ್ದ ಏಟಿಗೆ ಹಿಟ್ಟು ಹಾರಿ ಲಾಡಬಿಯ ಮೂಗಿಗೆ ಮೆತ್ತಿತು.

“ರೊಟ್ಟಿ ಬಡಿಯಾಕತ್ತಿಯೋ, ಇಂಗ್ಲೀಷ ಬಡಿಯಾಕತ್ತಿಯೋ?” ಎಂದ ಗಂಡ ಹುಲಿಗೆಪ್ಪ.

“ಎರಡೂ. ನಿಮಗ ತಿನ್ನಾಕ ಒಂದ ಸಿಗತೈತಿ. ಸುಮ್ನ ಕುಂದರ್ರಿ.”

ವಾರವೆಲ್ಲ ರೊಟ್ಟಿ ತೆಳ್ಳಗಾದವು, ಪದಗಳು ಬಾಯಿಗೆ ಬಂದವು. ಬಾಲದಲ್ಲಿ ‘ಶನ್’ ಇದ್ದರೆ ಜೋರು ಏಟು ಅದರ ಹಿಂದಿನ ತುಂಡಿಗೇ ಎಂಬುದನ್ನು ಶಿವವ್ವ ತಾನೇ ಕಂಡುಕೊಂಡಳು.

ಸೋಮವಾರ ಎಲ್ಲಮ್ಮನಿಗೆ ಕೈಮುಗಿದು ಹೋದಳು. ಆದರೆ ಎರಡೂ ಕೈಯಲ್ಲಿ ಹಾಳೆ ಹಿಡಿದು ನಿಂತಾಗ ಮೊದಲ ಉದ್ದ ಪದಕ್ಕೇ ನಾಲಿಗೆ ಕಟ್ಟಿತು. ಕೈ ಬಡಿಯದೆ ಅವಳೆಂದೂ ಅದನ್ನು ಹೇಳಿಯೇ ಇರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ತಲೆ ತಗ್ಗಿಸಿದರು.

“ಸಾಹೇಬ್ರ, ಹಾಳಿ ಟೇಬಲ್ ಮ್ಯಾಲಿಟ್ಟು ಓದ್ಲೇನ್ರಿ?”

ಕಾರವಾರದವರಾದ ಮ್ಯಾನೇಜರ್ ಅಮೇಯ ತಲೆಯಾಡಿಸಿದರು. ಬಿಡುವಾದ ಅಂಗೈ ಮೇಜಿನ ಮೇಲೆ ತಟ್ಟತೊಡಗಿತು. ಮಾತು ಅದರ ಹಿಂದೆಯೇ ಬಂತು. ದೇವರು ನಾಲಿಗೆಗೆ ಕೈಯ ಆಸರೆ ಕೊಟ್ಟದ್ದು ಸುಮ್ಮನೆ ಅಲ್ಲ. ಪ್ರತಿಜ್ಞೆ ಮುಗಿಯುವಷ್ಟರಲ್ಲಿ ಹೆಂಗಸರ ಅಂಗೈಗಳೂ ಮೆಲ್ಲಗೆ ಆಡುತ್ತಿದ್ದವು.

“ಇದು ಬಾಯಿಪಾಠವೂ ಇರಬಹುದು. ಅದನ್ನು ಓದಿ ನೋಡುವ,” ಎಂದು ಅಮೇಯ ಗೋಡೆಗೆ ಅಂದೇ ಹಾಕಿದ್ದ ಫಲಕ ತೋರಿಸಿದರು.

ಎಂದೂ ಓದದ ಪದ. ಶಿವವ್ವ ಮೊದಲು ಬಾಲ ಹುಡುಕಿದಳು. ‘ಶನ್’ ಸಿಕ್ಕಿತು. ಒಂದು ತುಂಡು ಹಿಂದೆ ಸರಿದು ಗುರುತಿಟ್ಟುಕೊಂಡಳು.

“ಸ್ಟೆ-ರಿ-ಲೈ-ಸೇ-ಶನ್.”

‘ಸೇ’ಗೆ ಬಿದ್ದ ಏಟಿಗೆ ಮೇಜಿನ ಮೇಲಿದ್ದ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಅಮೇಯ ಬಗ್ಗಿ ಹೆಕ್ಕಿಕೊಂಡರು.

“ನಾಳೆಯಿಂದ ನೀವೇ ಓದಿ ಶಿವವ್ವ. ಮೇಜೊಂದು ಉಳಿಸಿ.”

“ಆತ್ರಿ. ಮೆತ್ತಗ ಬಡೀತೀನ್ರಿ.”